ಗಾಳಿ ನಿಂತ ಮೇಲಿನ ಗಿರಕಿ

ಜಪಾನಿನ ಆ ಬಂದರೂರಿನಲ್ಲಿ ನಮ್ಮ ಬ್ಯಾಲೆ ತಂಡ ಇಳಿದ ಮಾರನೇ ದಿನವೇ ಚಂಡಮಾರುತ ಹಿಡಿದುಕೊಂಡಿತು. ಬೆಳಗ್ಗೆ ಶುರುವಾದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ. ಅವತ್ತಿನ ಆಟ ರದ್ದಾಗಿತ್ತು. ಉಳಿದಿದ್ದು ನಾಳೆಯ ಒಂದೇ ಒಂದು ಆಟ. ಅದಾದ ಮೇಲೆ ಹಡಗು, ಆಮೇಲೆ ಒಂದು ವಾರ ರೈಲು, ಆಮೇಲೆ ರಷ್ಯಾದ ವೋಲ್ಗಾ ನದಿ ದಂಡೆಯ ನಮ್ಮ ಊರು. ಪರದೆಗಳು, ಬಟ್ಟೆಗಳು, ಹುಡುಗಿಯರ ತುದಿಗಾಲಿನ ಬೂಟುಗಳು ಎಲ್ಲವೂ ಊರಾಚೆಯ ಥಿಯೇಟರಿನಲ್ಲಿ ಬೀಗದೊಳಗಿದ್ದವು. ನಾವು ಹೋಟೆಲಿನಲ್ಲಿ ಕೈಕಟ್ಟಿ ಕೂತಿದ್ದೆವು.

ಐದು ಗಂಟೆಗೆ ಕರೆಂಟು ಹೋಯಿತು. ಮಳೆಯಿಂದಲ್ಲ, ನಮ್ಮಿಂದ. ಹೊರದೇಶದ ಹೋಟೆಲಿನಲ್ಲಿ ಊಟಕ್ಕೆ ದುಡ್ಡು ಸುರಿಯುವುದು ನಮ್ಮವರ ಜಾಯಮಾನವಲ್ಲ. ಒಬ್ಬೊಬ್ಬರ ಪೆಟ್ಟಿಗೆಯಲ್ಲೂ ಮನೆಯಿಂದ ತಂದ ಗ್ರೆಚ್ಕಾ ಕಾಳು, ಡಬ್ಬಿ ಮಾಂಸ, ನೀರು ಕಾಯಿಸುವ ಕಾಯಿಲ್. ಎಲ್ಲಾ ಕೋಣೆಗಳಲ್ಲೂ ಒಟ್ಟಿಗೇ ಕಾಯಿಲ್ ಹಾಕಿ ಗಂಜಿಗಿಟ್ಟರೆ ಯಾವ ಫ್ಯೂಸ್ ತಡೆದೀತು!

ನಾನು ತಿಖೋನ್, ತಂಡದವರಿಗೆ ತಿಶಾ, ವಾದ್ಯವೃಂದದಲ್ಲಿ ಕ್ಲಾರಿನೆಟ್ ಊದುವವನು. ತಂಡ ಸೇರಿ ಒಂದು ವರ್ಷವೂ ಆಗಿರಲಿಲ್ಲ. ಕೋಣೆಯಲ್ಲಿ ಊದಿದರೆ ಹೋಟೆಲಿನವರು ಬಾಗಿ ಬಾಗಿ ನಮಸ್ಕರಿಸಿ ನಿಲ್ಲಿಸುತ್ತಿದ್ದರಿಂದ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಅಭ್ಯಾಸಕ್ಕೆ ಕೂತಿದ್ದೆ. ದೀಪ ಆರಿದ ಕೂಡಲೇ ವಾದ್ಯವನ್ನು ಪೆಟ್ಟಿಗೆಗೆ ಹಾಕಿ, ಗೋಡೆ ತಡವುತ್ತಾ ಮೆಟ್ಟಿಲು ಹತ್ತಿ, ನೇರ ಮೇಲಿದ್ದ ಊಟದ ಹಾಲಿಗೆ ಬಂದೆ. ಅಲ್ಲಿ ಆಗಲೇ ಮೇಣದಬತ್ತಿ ಹಚ್ಚಿಟ್ಟುಕೊಂಡು ಹಾರ್ಪ್ ನುಡಿಸುವ ಕ್ಲಾವ್ದಿಯಾ ಯೆಗೋರೊವ್ನಾ ಕೂತಿದ್ದರು. ನಮ್ಮ ತಂಡದಲ್ಲೇ ಹಿರಿಯರು. ಮಡಿಲಲ್ಲಿ ಅರ್ಧ ಹೆಣೆದ ಕಾಲುಚೀಲ, ಕೈ ಮಾತ್ರ ಅಲ್ಲಾಡುತ್ತಿರಲಿಲ್ಲ. ಅಷ್ಟರಲ್ಲಿ ಆಚೆ ಬಾಗಿಲಿನಿಂದ ನರ್ತಕಿಯರು ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಗಲಗಲ ಅನ್ನುತ್ತಾ ನುಗ್ಗಿದರು. ಅವರ ಹಿಂದೆಯೇ ಟ್ರೊಂಬೋನ್ ಊದುವ ಬೊಗ್ದಾನ್ ಬಂದ.

"ಯಾರ್ರೇ ಅದು, ನನ್ನ ರಾಗಕ್ಕೆ ಇಲ್ಲಿ ಗಿರಕಿ ಹೊಡೀತಿದ್ದೋರು?" ಅಂದೆ. "ಟಪ್ ಟಪ್ ಅಂತ ತಲೆ ಮೇಲೆ! ತಾಳ ಒಂಚೂರೂ ತಪ್ಪಿಲ್ಲ. ಶಭಾಷ್."

"ನಿನ್ನ ಪೀಪಿಗೆ ಕುಣಿಯೋಕೆ ನಮಗೇನು ಹುಚ್ಚಾ?" ಅಂದಳು ಅಲ್ಬೀನಾ. ನಾಳಿನ ಆಟದ ನಾಯಕಿ ಅವಳೇ. ಕಿಟಕಿ ಪಕ್ಕದ ಕುರ್ಚಿ ಎಳೆದವಳು, "ಥೂ, ಇದರ ತುಂಬಾ ಏನೋ ಪುಡಿ ಚೆಲ್ಲಿದೆ," ಅಂತ ಕೈ ಝಾಡಿಸಿದಳು.

"ಅಲ್ಲಿ ಕೂರಬೇಡ!" ಅಂದರು ಕ್ಲಾವ್ದಿಯಾ ಯೆಗೋರೊವ್ನಾ. ಎಷ್ಟು ಜೋರಾಗಿ ಅಂದರೆ ಎಲ್ಲರೂ ತಿರುಗಿ ನೋಡಿದೆವು. "ಅದರ ಕಾಲು ಸರಿಯಿಲ್ಲ. ಇಲ್ಲಿ ಬಾ, ನನ್ನ ಹತ್ತಿರ. ಲೇ ತಿಶಾ, ನೀನು ಕೆಳಗೆ ಏನು ಊದ್ತಿದ್ದೆ?"

"ಗಿರಣಿ ಗಾಳಿ."

"ಎಷ್ಟು ಹೊತ್ತು?"

"ಒಂದು ಗಂಟೆ ಇರಬಹುದು."

"ನಡುವೆ ನಿಲ್ಲಿಸ್ತಿದ್ಯಾ?"

"ಯಾಕೆ ನಿಲ್ಲಿಸೋದು? ಸುತ್ತಿ ಸುತ್ತಿ ಅದನ್ನೇ ಊದ್ತಿದ್ದೆ."

ಅವರು ಕಣ್ಣು ಮುಚ್ಚಿಕೊಂಡು "ಪಾಪಿ" ಅಂದರು. ನಾನು ತಮಾಷೆ ಅಂದುಕೊಂಡು ನಕ್ಕೆ.

ಆ 'ಗಿರಣಿ ಗಾಳಿ'ಯ ವಿಷಯ ಇಲ್ಲೇ ಹೇಳಿಬಿಡಬೇಕು. ನಾವು ಆಡುವ 'ಗಿರಣಿಯವನ ಮಗಳು' ಬ್ಯಾಲೆಯಲ್ಲಿ ಎರಡನೇ ಅಂಕಕ್ಕೆ ಗಾಳಿ ಬೀಸುತ್ತದೆ, ಅಂದರೆ ಕ್ಲಾರಿನೆಟ್ ಊದುತ್ತದೆ. ಗಿರಣಿಯ ರೆಕ್ಕೆಯ ಹಾಗೆ ಮದುಮಗಳು ಒಂಟಿಗಾಲ ತುದಿಯಲ್ಲಿ ಗಿರಗಿರ ತಿರುಗುತ್ತಾಳೆ, ಗಾಳಿ ನಿಂತಾಗ ನಿಲ್ಲುತ್ತಾಳೆ. ಬೇರೆ ತಂಡಗಳಲ್ಲಿ ಅದಾದ ಕೂಡಲೇ ಮದುವೆಯ ಕುಣಿತ. ನಮ್ಮಲ್ಲಿ ಮಾತ್ರ ಎಲ್ಲರೂ ವಾದ್ಯ ಮಡಿಲಿಗಿಳಿಸಿ ಸುಮ್ಮನೆ ಕೂರಬೇಕು. ಮುದ್ರಿತ ಸ್ವರಲಿಪಿಯಲ್ಲಿ ಆ ಮೌನ ಇಲ್ಲ. ಯಾಕೆ ಅಂತ ಕೇಳಿದರೆ ಹಳಬರು ಮಾತು ಬದಲಾಯಿಸುತ್ತಾರೆ.

ಇನ್ನು ಪ್ರವಾಸದ ಕೊನೆಯ ಆಟಕ್ಕೆ ನಮ್ಮವರು 'ಹಸಿರು ಆಟ' ಅನ್ನುತ್ತಾರೆ. ಅವತ್ತು ವೇದಿಕೆ ಮೇಲೇ ಒಬ್ಬರಿಗೊಬ್ಬರು ಕೀಟಲೆ ಮಾಡಬಹುದು. ರಾಣಿಯ ಬುಟ್ಟಿಗೆ ಇಸ್ತ್ರಿಪೆಟ್ಟಿಗೆ ಇಡುವುದು, ರಾಜನ ಬಟ್ಟಲಿಗೆ ಸೌತೆಕಾಯಿ ಉಪ್ಪುನೀರು ಸುರಿಯುವುದು. ಇರುವುದು ಒಂದೇ ನಿಯಮ, ಪ್ರೇಕ್ಷಕರಿಗೆ ಗೊತ್ತಾಗಬಾರದು. ನಾಳೆ ಆ ಮೌನ ಬಂದಾಗ ನಾನು ಗಾಳಿಯನ್ನು ಮತ್ತೊಂದು ಸುತ್ತು ಊದಿ ಅಲ್ಬೀನಾಳನ್ನು ಮತ್ತೆ ತಿರುಗಿಸುವುದು ಅಂತ ನಾನೂ ಟ್ರೊಂಬೋನಿನ ಬೊಗ್ದಾನನೂ ಸೇರಿ ಹೂಡಿದ್ದ ಸಂಚು ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆವು.

"ಮೊನ್ನೆಯಿಂದ ನೀವಿಬ್ಬರು ಪಿಸಿಪಿಸಿ ಅಂತಿರೋದು ನನ್ನ ಕಿವಿಗೆ ಬಿದ್ದಿಲ್ಲ ಅಂದ್ಕೊಂಡ್ರಾ?" ಅಂದರು ಕ್ಲಾವ್ದಿಯಾ ಯೆಗೋರೊವ್ನಾ. "ಬೊಗ್ದಾನ್, ಬಾಗಿಲು ಹಾಕು. ಎಲ್ಲಾ ಹತ್ತಿರ ಬನ್ನಿ. ಆ ಕುರ್ಚಿ ಮಾತ್ರ ಅಲ್ಲೇ ಇರಲಿ. ನಾನು ಹೇಳೋದು ಮುಗಿಯೋವರೆಗೆ ಯಾರಾದ್ರೂ ಕಿಸಕ್ ಅಂದ್ರೆ ಈ ಸೂಜಿ ಕಣ್ಣಿಗೆ."

ಹೊರಗೆ ಗಾಳಿ ಕಿಟಕಿಯನ್ನು ಹಿಡಿದು ಅಲ್ಲಾಡಿಸುತ್ತಿತ್ತು. ಅವರು ಹೇಳತೊಡಗಿದರು.

ಇದು ಈ ಊರಿನ ಕತೆಯಲ್ಲ, ಹೆದರ್ಕೋಬೇಡಿ. ಇದೇ ದೇಶದ ಇನ್ನೊಂದು ಬಂದರು. ನೀವ್ಯಾರೂ ಹುಟ್ಟಿರಲಿಲ್ಲ ಆಗ. ಆಗೆಲ್ಲ ಹೊರದೇಶಕ್ಕೆ ಬರೋದು ಅಂದ್ರೆ ಏನು ಅಂತ ನಿಮಗೇನು ಗೊತ್ತು... ಡಾಕ್ಟರು ನಾಲಿಗೆ ನೋಡಿ, ಬೆನ್ನು ತಟ್ಟಿ, ಎದೆಗೆ ಕಿವಿ ಕೊಟ್ಟು, ಆಮೇಲೆ ಕಮ್ಯುನಿಸ್ಟ್ ಪಾರ್ಟಿಯೋರು ತಲೆಯೊಳಗೆ ಏನಿದೆ ಅಂತ ಕೆದಕಿ, ಎರಡು ಕಡೆಯೂ ದಾಟಿದೋರಿಗೆ ಮಾತ್ರ ಹಡಗು. ಜೊತೆಗೊಬ್ಬ ಸರ್ಕಾರಿ ಮನುಷ್ಯ. ತಾನು ವಾದ್ಯಗಳ ಉಸ್ತುವಾರಿ ಅಂತ ಹೇಳ್ಕೋತಿದ್ದ. ಪಿಟೀಲು ಯಾವುದು, ಚೆಲ್ಲೋ ಯಾವುದು ಅಂತ ಅವನಿಗೆ ಗೊತ್ತಿರಲಿಲ್ಲ, ಪಾಪ. ಆದ್ರೆ ಯಾರು ಕೆಮ್ಮಿದ್ರು, ಯಾರು ಅತ್ರು, ಯಾರು ಅಂಗಡಿ ಗಾಜಿನ ಮುಂದೆ ಜಾಸ್ತಿ ಹೊತ್ತು ನಿಂತ್ರು, ಅದೆಲ್ಲ ಗೊತ್ತಿರ್ತಿತ್ತು. ಕಾಯಿಲೆ ಅಂತ ಒಂದು ಸಲ ಹೆಸರು ಬಿತ್ತೋ, ಮೊದಲ ಹಡಗಿಗೆ ವಾಪಸ್. ಆಮೇಲೆ ಜನ್ಮದಲ್ಲಿ ಗಡಿ ದಾಟೋ ಹಾಗಿಲ್ಲ, ನಾಯಕಿ ಪಾತ್ರವೂ ಇಲ್ಲ.

ಆಗ ನಮ್ಮ ನಾಯಕಿ ರಿಮ್ಮಾ. ಅಲ್ಬೀನಾ, ನೀನು ಚೆನ್ನಾಗಿ ಕುಣೀತೀಯ ಕಣೇ, ಇಲ್ಲ ಅನ್ನಲ್ಲ, ಆದ್ರೆ ನೀನು ರಿಮ್ಮಾನ ನೋಡ್ಬೇಕಿತ್ತು... ಎದ್ದು ನಿಂತ್ರೆ ನನ್ನ ಭುಜಕ್ಕೂ ಬರ್ತಿರಲಿಲ್ಲ, ಗಲಾಟೆ ಮಾತ್ರ ಒಂದು ಊರಿನಷ್ಟು. ಅವಳ ಗಂಡ ವೆನ್ಯಾ ನಮ್ಮ ಮೊದಲನೇ ಕ್ಲಾರಿನೆಟ್. ಬಾಗಿಲಿಗೆ ತಲೆ ಬಗ್ಗಿಸ್ಬೇಕಾದಷ್ಟು ಎತ್ತರ, ಬಾಯಲ್ಲಿ ಮಾತೇ ಇಲ್ಲ. ಕೋಟಿನ ಗುಂಡಿ ಹಾಕೋಕೂ ಹೆಂಡ್ತಿ ಮುಖ ನೋಡೋ ಗಂಡಸು. ಅವಳು ಬೈತಿದ್ರೆ ಇವನು ಖುಷಿಯಾಗಿ ಕೇಳ್ಕೊಂಡು ಕೂರೋನು, ಏನೋ ಹಾಡು ಕೇಳ್ತಿರೋ ಹಾಗೆ. ಅಂಥ ಜೋಡಿ ನಾನು ಇನ್ನೊಂದು ನೋಡಿಲ್ಲ.

ಹಸಿರು ಆಟ ಬಂತು ಅಂದ್ರೆ ಎಲ್ಲರಿಗೂ ರಿಮ್ಮಾ ಭಯ. ಹಿಂದಿನ ವರ್ಷ ಅವಳು ಏನು ಮಾಡಿದ್ಲು ಗೊತ್ತಾ? ತನ್ನ ಹಳೇ ಕಾಲುಚೀಲ ಒಂದನ್ನ ಸುರುಳಿ ಸುತ್ತಿ ಗಂಡನ ಕ್ಲಾರಿನೆಟ್ಟಿನ ಬಾಯಿಗೆ ತುರುಕಿಬಿಟ್ಟಿದ್ಲು. ಇವನು ಪಾಪ ಕಣ್ಣು ಮುಚ್ಕೊಂಡು, ಉಸಿರೆಳೆದು, ಗಿರಣಿ ಗಾಳಿ ಅಂತ ಊದ್ತಾನೆ... ಕ್ವಾಕ್! ಬಾತುಕೋಳಿ! ವೇದಿಕೆ ಮುಂದಿನ ಹೊಂಡದಲ್ಲಿ ವಾದ್ಯ ಹಿಡಿದು ಕೂತಿದ್ದ ನಾವೆಲ್ಲ ಹೊಟ್ಟೆ ಹಿಡ್ಕೊಂಡು ಒದ್ದಾಡಿಬಿಟ್ವಿ. ಮೇಲೆ ಅವಳು ಮದುಮಗಳ ನಗು ನಗ್ತಾ ನಿಂತಿದ್ಲಂತೆ, ಏನೂ ಗೊತ್ತಿಲ್ಲದೋಳ ಹಾಗೆ. ಇಡೀ ವರ್ಷ "ವೆನ್ಯಾ, ಬಾತು ಮೊಟ್ಟೆ ಇಡ್ತಾ?" ಅಂತ ಅವನ ಜೀವ ತಿಂದ್ವಿ. ಹಾಗಾಗಿ ಈ ಸಲ ಅವನ ಸರದಿ ಅಂತ ಎಲ್ಲರೂ ಕಾಯ್ತಿದ್ವಿ.

ಕೊನೇ ಆಟದ ದಿನ ಮಧ್ಯಾಹ್ನ ಥಿಯೇಟರಿನ ಹಿಂದಿನ ಮೊಗಸಾಲೆಯಲ್ಲಿ ಪೆಟ್ಟಿಗೆಗಳ ಮೇಲೆ ಕೂತು ಡಬ್ಬಿ ಮೀನು ತಿಂತಿದ್ವಿ. ವಾದ್ಯವೃಂದದ ನಿರ್ದೇಶಕ ಗೆರ್ಮಾನ್ ಲ್ವೋವಿಚ್ ಅವತ್ತು ಭಾರಿ ಉಮೇದಿನಲ್ಲಿದ್ರು. "ಈ ಸಲ ಗಾಳಿ ಎರಡು ಸುತ್ತು ಬೀಸಲಿ," ಅಂದ್ರು. "ನಿಲ್ಲೋ ಹೊತ್ತಿಗೆ ಮತ್ತೆ ಮೊದಲಿಂದ! ರಿಮ್ಮಾ ಏನು ಮಾಡ್ತಾಳೆ ನೋಡೋಣ." ಎಲ್ಲರೂ ಓಹೋ ಅಂತ ವೆನ್ಯಾನ ಬೆನ್ನು ತಟ್ಟಿದ್ರು. ಯಾಕೆ ಅಂದ್ರೆ ಗಾಳಿ ಅಂದ್ರೆ ಅವನೇ ತಾನೇ? ಅವನು ಊದಿದ್ರೆ ಉಂಟು, ಇಲ್ಲ ಅಂದ್ರೆ ಇಲ್ಲ. ಮಿಕ್ಕ ನಾವೆಲ್ಲ ಅವನ ಹಿಂದೆ ಗುಂಯ್ ಅನ್ನೋರು.

ಅವನ ಮುಖ ಸುಣ್ಣದ ಗೋಡೆ ಆಯ್ತು. ನಾನು ನೋಡ್ದೆ. "ಏನೋ, ಹೆಂಡ್ತಿ ಮೇಲೆ ಅಷ್ಟೊಂದು ಕರುಣೆನಾ?" ಅಂತ ಛೇಡಿಸ್ದೆ. ಅವನು ಏನೋ ಹೇಳೋಕೆ ಬಾಯಿ ತೆಗೆದ... ಅಷ್ಟರಲ್ಲಿ ಆ ಸರ್ಕಾರಿ ಮನುಷ್ಯ "ಏನು ಸಂಗಾತಿಗಳೇ, ಏನು ತಮಾಷೆ?" ಅಂತ ಬಂದು ಡಬ್ಬಿಗೆ ಕೈ ಹಾಕಿ ಒಂದು ಮೀನು ಎತ್ಕೊಂಡ. ವೆನ್ಯಾ ಬಾಯಿ ಮುಚ್ಕೊಂಡ. ತಿಂತಾ ಇದ್ದ ಬ್ರೆಡ್ಡನ್ನ ಕಾಗದದಲ್ಲಿ ಸುತ್ತಿ ಜೇಬಿಗಿಟ್ಕೊಂಡು ಎದ್ದುಹೋದ.

ಅವನಿಗೊಬ್ಬನಿಗೇ ಗೊತ್ತಿದ್ದಿದ್ದು ಏನು ಅಂತ ಈಗ ಹೇಳ್ತೀನಿ, ನನಗೆ ಗೊತ್ತಾಗಿದ್ದು ಎಷ್ಟೋ ಆಮೇಲೆ. ಆ ವಸಂತದಲ್ಲಿ ರಿಮ್ಮಾ ಒಂದು ದಿನ ಅಡುಗೆಮನೇಲಿ ಕುಸಿದು ಬಿದ್ದಿದ್ಲು. ಥಿಯೇಟರಿನ ಡಾಕ್ಟರ ಹತ್ತಿರ ಹೋದ್ರೆ ಊರಿಗೆಲ್ಲ ಗೊತ್ತಾಗುತ್ತೆ ಅಂತ ಗುಟ್ಟಾಗಿ ಬೇರೆ ಯಾರೋ ಮುದುಕ ಡಾಕ್ಟರನ್ನ ಹಿಡಿದ್ರು. ಎದೆ ಚೆನ್ನಾಗಿಲ್ಲಮ್ಮ, ಇನ್ನು ಕುಣೀಬೇಡ, ಕುಣೀಲೇಬೇಕು ಅಂದ್ರೆ ಅಳತೆ ಮೀರಬೇಡ ಅಂದ್ನಂತೆ. ಅವಳು ಗಂಡನ ಕೈಯಲ್ಲಿ ಆಣೆ ಹಾಕಿಸ್ಕೊಂಡ್ಲು. "ಯಾರಿಗಾದ್ರೂ ಬಾಯಿ ಬಿಟ್ಯೋ, ನಾನು ಕಾಯಿಲೆಯಿಂದ ಸಾಯೋಲ್ಲ, ಮೂಲೇಲಿ ಕೂತು ಕೊರಗಿ ಸಾಯ್ತೀನಿ." ಇವನು ಯಾವತ್ತು ಅವಳ ಮಾತು ಮೀರಿದ್ದ, ಅವತ್ತು ಮೀರೋಕೆ?

ಸರಿ, ಆಟ ಶುರುವಾಯ್ತು. ತಿಶಾ, ನಿನಗೆ ಗೊತ್ತು, ಹೊಂಡದಲ್ಲಿ ಕೂತೋರಿಗೆ ವೇದಿಕೆ ಕಾಣ್ಸಲ್ಲ. ನಮಗೆ ಕಾಣೋದು ಕೋಲು ಹಿಡಿದ ನಿರ್ದೇಶಕನ ಮುಖ ಒಂದೇ. ನಗ್ತಿದ್ದಾನೆ ಅಂದ್ರೆ ಮೇಲೆ ಎಲ್ಲಾ ಚೆನ್ನಾಗಿದೆ, ಹಲ್ಲು ಕಡೀತಿದ್ದಾನೆ ಅಂದ್ರೆ ಯಾರೋ ಬಿದ್ರು. ವೆನ್ಯಾ ಕೂರ್ತಿದ್ದಿದ್ದಂತೂ ವೇದಿಕೆಯ ಅಂಚಿನ ಕೆಳಗೇ. ಅಷ್ಟು ವರ್ಷ ಅವಳು ಕುಣಿದಳಲ್ಲ, ಆಟ ನಡೀವಾಗ ಅವನು ಒಂದು ಸಲವೂ ನೋಡಿದವನಲ್ಲ. ಅವನಿಗೆ ಹೆಂಡ್ತಿಯ ಕುಣಿತ ಅಂದ್ರೆ ತಲೆ ಮೇಲಿನ ಸದ್ದು. ಟಪ್... ಟಪ್... ಟಪ್...

ಗಾಳಿ ಬೀಸ್ತು, ಅವಳು ತಿರುಗಿದ್ಲು. ನಿಲ್ಲೋ ಜಾಗ ಬಂತು. ಗೆರ್ಮಾನ್ ಲ್ವೋವಿಚ್ ಬೆರಳಲ್ಲಿ ಸೊನ್ನೆ ಸುತ್ತಿದ್ರು, ಮತ್ತೆ ಮೊದಲಿಂದ. ವೆನ್ಯಾ ಊದ್ದ. ಒಂದು ಕ್ಷಣ ಮೇಲೆ ಸದ್ದು ತಡವರಿಸ್ತು, ಆಮೇಲೆ ಮತ್ತೆ ಹಿಡ್ಕೊಂಡ್ತು. ಅವಳು ಬಿಡೋಳಲ್ಲ ಕಣ್ರೋ! ಸಂಗೀತ ಇರೋವರೆಗೂ ನಿಲ್ಲೋದು ಅಂದ್ರೆ ಅವಳಿಗೆ ಅವಮಾನ. ಪ್ರೇಕ್ಷಕರು ಹುಚ್ಚೆದ್ದು ಚಪ್ಪಾಳೆ ತಟ್ಟಿದ್ರು, ಪಾಪ ಅವರಿಗೇನು ಗೊತ್ತು, ಇದೂ ಆಟದಲ್ಲೇ ಇದೆ ಅಂದ್ಕೊಂಡ್ರು. ನಾವು ಕೆಳಗೆ ಸದ್ದಿಲ್ಲದೆ ನಗ್ತಿದ್ವಿ. ನಾನೂ ನಗ್ತಿದ್ದೆ. ಕಣ್ಣಲ್ಲಿ ನೀರು ಬರೋ ಹಾಗೆ.

ಅಲ್ಲಿಗೇ ಬಿಟ್ಟಿದ್ರೆ... ಬಿಡಲಿಲ್ಲ. ಚಪ್ಪಾಳೆ ಕೇಳಿ ಗೆರ್ಮಾನ್ ಲ್ವೋವಿಚ್‌ಗೆ ತಲೆ ತಿರುಗಿತು. ಎರಡನೇ ಸಲ ನಿಲ್ಲೋ ಜಾಗ ಬಂದಾಗ ಮತ್ತೆ ಬೆರಳಲ್ಲಿ ಸೊನ್ನೆ. ಮೂರನೇ ಸುತ್ತು. ನಾನು ವೆನ್ಯಾನ ಕಡೆ ನೋಡ್ದೆ. ಅವನೊಬ್ಬ ನಗ್ತಿರಲಿಲ್ಲ. ಕಣ್ಣು ಮೇಲಕ್ಕೆ, ಆ ಹಲಗೆಗಳ ಕಡೆಗೆ. ಕೆನ್ನೆ ಮೇಲೆ ನೀರು ಧಾರೆಯಾಗಿ ಇಳೀತಿದೆ, ಬಾಯಿ ಊದ್ತಾನೇ ಇದೆ. ಮೇಲೆ ಸದ್ದು ಹೇಗಾಗಿತ್ತು ಅಂದ್ರೆ... ಟಪ್, ಟಪ್... ಟಪ್... ಟಪ್ ಟಪ್... ಕುಂಟೋ ಕುದುರೆ ಹಾಗೆ. ಕ್ಲಾರಿನೆಟ್ ಒಂದು ಸಲ ತುಟಿಯಿಂದ ಇಳಿಸಿದ್ರೆ ಆಗ್ತಿತ್ತು! ಒಂದೇ ಸಲ! ರಾಗ ಅವನದ್ದು, ಅವನು ನಿಂತಿದ್ರೆ ಎಲ್ಲವೂ ನಿಂತೇ ಹೋಗ್ತಿತ್ತು. ಏನಾಗ್ತಿತ್ತು, ನಾಲ್ಕು ಜನ ಬೈತಿದ್ರು. ಯಾಕೆ ಇಳಿಸಲಿಲ್ಲ?

ಇಳಿಸಲಿಲ್ಲ. ಕೊನೆಯವರೆಗೂ ಊದ್ದ. ಅವಳು ಕೊನೆಯವರೆಗೂ ತಿರುಗಿದ್ಲು, ನೆಟ್ಟಗೆ ನಿಂತ್ಲು, ಬಾಗಿ ನಮಸ್ಕಾರ ಮಾಡಿದ್ಲು. ವೇದಿಕೆ ಅಂಚಿಗೆ ಬಂದು ಹೊಂಡದ ಕಡೆ ಬಗ್ಗಿ "ಇರು, ನಿನಗೆ ಮಾಡ್ತೀನಿ" ಅಂತ ವೆನ್ಯಾನಿಗೆ ಬೆರಳು ಅಲ್ಲಾಡಿಸಿದ್ಲು, ನಗ್ತಾ. ಆಮೇಲೆ ಪರದೆ ಮರೆಗೆ ಹೋಗಿ, ಅಲ್ಲಿ ಜಾರದ ಹಾಗೆ ಬೂಟಿಗೆ ರಾಳದ ಪುಡಿ ಹಚ್ಕೊಳ್ಳೋ ಪೆಟ್ಟಿಗೆ ಇರುತ್ತಲ್ಲ, ಅದರ ಅಂಚಿನ ಮೇಲೆ ಕೂತ್ಲು. ಉಸಿರು ತಿರುಗಲಿ, ಈಗ ಬಂದೆ ಅಂದ್ಲಂತೆ. ಬರಲಿಲ್ಲ. ಹೊರಗೆ ಜನ ಚಪ್ಪಾಳೆ ತಟ್ಟುತ್ತಲೇ ಇದ್ರು, ಅವಳ ಹೆಸರು ಕೂಗ್ತಾನೇ ಇದ್ರು.

(ಕ್ಲಾವ್ದಿಯಾ ಯೆಗೋರೊವ್ನಾ ಇಲ್ಲಿ ನಿಲ್ಲಿಸಿ ನೀರು ಕುಡಿದರು. ಹುಡುಗಿಯರು ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದರು. ಅಲ್ಬೀನಾಳ ಟವೆಲ್ ಜಾರಿ ನೆಲಕ್ಕೆ ಬಿದ್ದಿದ್ದು ಅವಳಿಗೇ ಗೊತ್ತಿರಲಿಲ್ಲ.)

ಅದೇ ಹಡಗಲ್ಲಿ ನಾವು, ಕೆಳಗೆ ಸಾಮಾನಿನ ಜೊತೆ ಅವಳು. ಇಡೀ ದಾರಿ ಯಾರೂ ಯಾರ ಮುಖವೂ ನೋಡಲಿಲ್ಲ. ಗೆರ್ಮಾನ್ ಲ್ವೋವಿಚ್ ಗರ ಬಡಿದವರ ಹಾಗೆ ಆಗಿದ್ರು. "ಗೊತ್ತಿರಲಿಲ್ಲವಲ್ಲ, ನಮಗೆ ಯಾರಿಗೂ ಗೊತ್ತಿರಲಿಲ್ಲವಲ್ಲ," ಅಂತ ಸಿಕ್ಕೋರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ರು. ಅದು ಕೇಳಿದಾಗೆಲ್ಲ ವೆನ್ಯಾ ಎದ್ದು ಹೋಗ್ತಿದ್ದ. ನಾವು ಅಂದ್ಕೊಂಡ್ವಿ, ದುಃಖ ಅಂತ.

ಮಣ್ಣು ಮಾಡಿ ಆಯ್ತು. ಕೆಲಸ ಬಿಡೋಕಾಗುತ್ತಾ, ಅವನೂ ಬಂದ, ನಾವೂ ಬಂದ್ವಿ. ಆ ಚಳಿಗಾಲ ಒಂದು ದಿನ ಅವನು ನಮ್ಮನೆ ಬಾಗಿಲು ತಟ್ಟಿ, "ಕ್ಲಾವಾ, ಒಂಚೂರು ನಮ್ಮನೆಗೆ ಬಾ, ನನಗೆ ಹುಚ್ಚು ಹಿಡಿದಿದ್ಯಾ ಇಲ್ವಾ ಹೇಳು," ಅಂದ. ಹೋದೆ. ಅವನದ್ದು ಕೊನೇ ಅಂತಸ್ತು. ಮೇಲೆ ಮನೆ ಇಲ್ಲ, ಬರೀ ತಗಡಿನ ಮಾಡು, ಅದರ ಮೇಲೆ ಮೊಳಕಾಲುದ್ದ ಹಿಮ. ಮಟ ಮಟ ಮಧ್ಯಾಹ್ನ, ಕಿಟಕಿ ತುಂಬ ಬಿಸಿಲು. ಅವನು ಕ್ಲಾರಿನೆಟ್ ತಗೊಂಡು ಗಿರಣಿ ಗಾಳಿಯ ಮೊದಲ ಸಾಲು ಊದ್ದ.

ಟಪ್... ಟಪ್... ಟಪ್...

ನಮ್ಮ ತಲೆ ಮೇಲೆ. ಆ ಹೆಜ್ಜೆ ನನಗೆ ಗೊತ್ತಿಲ್ವಾ? ಎಷ್ಟು ವರ್ಷ ಕೇಳಿದ್ದೆ! ಎಡಗಾಲು ಊರೋವಾಗ ಅವಳು ಒಂದೆಳೆ ಮುಂಚೆ ಊರ್ತಿದ್ಲು. ಅವನು ಊದೋದು ನಿಲ್ಲಿಸ್ದ. ಮೇಲೆ ತಕ್ಷಣ ನಿಲ್ಲಲಿಲ್ಲ. ಇನ್ನೂ ಒಂದಷ್ಟು ಸುತ್ತು ತಿರುಗಿ, ಮೆತ್ತಗಾಗಿ, ನಿಂತೋಯ್ತು. ಆಮೇಲೆ... ಆಮೇಲೆ ಕೇಳಿಸಿದ್ದು ಏದುಸಿರು. ಹೆದರಿಸೋ ದನಿಯಲ್ಲ ಕಣ್ರೋ, ಅದೇ ಸಂಕಟ. ಆಟ ಮುಗಿಸಿ ಬಂದು ಪರದೆ ಹಿಡ್ಕೊಂಡು ನಿಂತ ಹುಡುಗಿ ಹೇಗೆ ಉಸಿರಾಡ್ತಾಳೆ, ಹಾಗೆ.

"ಅವಳಿಗೆ ಸುಸ್ತಾಗಿದೆ, ಕ್ಲಾವಾ," ಅಂದ. "ನಾನು ಏನು ಊದಿದ್ರೂ ಬರ್ತಾಳೆ. ಸಂಗೀತ ಇರೋವರೆಗೂ ಅವಳು ನಿಲ್ಲೋಳಲ್ಲ. ಸತ್ತ ಮೇಲೂ ಕುಣಿಸ್ತಿದ್ದೀನಿ ನಾನು ಅವಳನ್ನ." ಅಂದು ನೆಲದ ಮೇಲೆ ಕೂತು ಎಲ್ಲಾ ಹೇಳ್ಕೊಂಡು ಅತ್ತ. ಕಾಯಿಲೆ, ಮುದುಕ ಡಾಕ್ಟರು, ಆಣೆ, ಎಲ್ಲಾ. ನನಗೆ ಕೋಪ ಬಂತು, ತಡೆಯೋಕಾಗದಷ್ಟು ಕೋಪ. "ಗೊತ್ತಿದ್ದೂ ಊದಿದ್ಯಲ್ಲೋ! ಬಾಯಿಂದ ಇಳಿಸೋಕೆ ನಿನಗೇನು ಬಂದಿತ್ತು ಧಾಡಿ?" ಅಂದೆ.

ಅವನು ಏನಂದ ಗೊತ್ತಾ... "ನಾನು ನಿಲ್ಲಿಸಿದ್ರೆ ಯಾಕೆ ಅಂತ ಕೇಳ್ತಿದ್ರು. ಹೇಳಿದ್ರೆ ಅವಳು ನನ್ನನ್ನ ಕ್ಷಮಿಸ್ತಿರಲಿಲ್ಲ. ಅವಳೇ ನಿಲ್ತಾಳೆ, ಈಗ ನಿಲ್ತಾಳೆ ಅಂತ ನಾನು ಕಾದೆ. ಅವಳು ನಾನು ನಿಲ್ಲಿಸ್ತೀನಿ ಅಂತ ಕಾದ್ಲು ಅನ್ಸುತ್ತೆ." ಇಷ್ಟು ಅಂದು, ವಾದ್ಯವನ್ನ ಮಗು ಮಲಗಿಸೋ ಹಾಗೆ ಪೆಟ್ಟಿಗೆಗೆ ಇಟ್ಟ.

ಮಾರನೇ ದಿನ ಅವನು ಗೆರ್ಮಾನ್ ಲ್ವೋವಿಚ್ ಹತ್ತಿರ ಹೋಗಿ ಕೇಳ್ಕೊಂಡಿದ್ದು ಒಂದೇ. ಗಾಳಿ ಆದ ಮೇಲೆ ಒಂಚೂರು ನಿಲ್ಲೋಣ. ಅವಳು ನಿಲ್ಲೋವರೆಗೆ. ಯಾರು ನಿಲ್ಲೋವರೆಗೆ, ಯಾಕೆ, ಏನು ಅಂತ ಆ ಮನುಷ್ಯ ಕೇಳಲಿಲ್ಲ. ತನ್ನ ಪುಸ್ತಕದಲ್ಲಿ ಸುಮ್ಮನೆ ಗುರುತು ಹಾಕ್ಕೊಂಡ್ರು. ಅವತ್ತು ರಾತ್ರಿ ಮೊದಲ ಸಲ ನಾವೆಲ್ಲ ವಾದ್ಯ ಇಳಿಸಿ ಕೂತ್ವಿ. ಮೇಲೆ ಹೊಸ ನಾಯಕಿ ನಿಂತಿದ್ದಾಳೆ, ಎರಡೂ ಕಾಲು ನೆಲದ ಮೇಲಿದೆ, ಗೆರ್ಮಾನ್ ಲ್ವೋವಿಚ್ ಕಣ್ಣಿಗೆ ಕಾಣ್ತಿದೆ. ಆದ್ರೂ ಹಲಗೆ ಮೇಲೆ ಟಪ್... ಟಪ್... ನಮಗೆಲ್ಲರಿಗೂ ಕೇಳಿಸ್ತು. ಹೊಂಡದಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಎತ್ತೋಕೆ ಮುಖ ಬೇಕಲ್ಲ? ಅವಳು ನಿಂತ ಮೇಲೆ ಗೆರ್ಮಾನ್ ಲ್ವೋವಿಚ್ ಕೋಲು ಎತ್ತಿದ್ರು.

ಆ ಚಳಿಗಾಲ ಮುಗಿಯೋ ಹೊತ್ತಿಗೆ ವೆನ್ಯಾ ಊದೋದನ್ನೇ ಬಿಟ್ಟ. ಇನ್ನೇನು ಮಾಡ್ತಾನೆ? ಅದೊಂದೇ ತಾನೇ ಅವಳಿಗೆ ಅವನು ಕೊಡಬಹುದಾಗಿದ್ದು. ಅಂಥ ಕಲಾವಿದ, ನಮ್ಮ ಥಿಯೇಟರಿನ ಬಾಗಿಲಲ್ಲೇ ಬಂದೋರ ಕೋಟು ತಗೊಂಡು ಗೂಟಕ್ಕೆ ಹಾಕೋ ಕೆಲಸಕ್ಕೆ ನಿಂತ. ಎರಡನೇ ಅಂಕ ಶುರುವಾದ್ರೆ ಕಿವಿಗೆ ಹತ್ತಿ ಇಟ್ಕೊಳ್ಳೋನು. ಆಮೇಲೆ ಬೇರೆಯೋರು ಬೇರೆ ಕ್ಲಾರಿನೆಟ್ ಊದಿದ್ರು, ಮೇಲೆ ಅವಳ ಹೆಜ್ಜೆ ಸದ್ದು ಬರಲಿಲ್ಲ. ಆದ್ರೂ ಆ ಮೌನ ಹಾಗೇ ಉಳೀತು. ಯಾರೂ ತೆಗೀಲಿಲ್ಲ. ತಪ್ಪಾಯ್ತು ಅಂತ ಬಾಯಲ್ಲಿ ಹೇಳೋಕೆ ನಮಗೆ ಬರಲಿಲ್ಲ ಮಕ್ಕಳೇ, ಹಾಗಾಗಿ ಹೋದ ಕಡೆಯೆಲ್ಲ, ಎಷ್ಟು ದೇಶಗಳಲ್ಲಿ, ಹಾಗೆ ಕೈಕಟ್ಟಿ ಕೂತ್ವಿ. ಅವತ್ತು ಆ ಹೊಂಡದಲ್ಲಿ ಕೂತೋರಲ್ಲಿ ಈಗ ಉಳಿದಿರೋಳು ನಾನೊಬ್ಬಳೇ.

ವೆನ್ಯಾ ಹೋದ ವರ್ಷ ತೀರ್ಕೊಂಡ. ಆ ಕ್ಲಾರಿನೆಟ್ ಅವನ ಸ್ವಂತದ್ದಲ್ಲ, ಥಿಯೇಟರಿನ ಸ್ವತ್ತು. ಅಷ್ಟೂ ವರ್ಷ ಕೋಟು ಕೋಣೆಯ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗದ ಕೈ ಕೊರಳಿಗೆ ಹಾಕ್ಕೊಂಡಿದ್ದ. ಅವನು ಹೋದ ಮೇಲೆ ಬೀರು ತೆಗೆದ್ರು. ಅಯ್ಯೋ, ಎಂಥ ಒಳ್ಳೇ ಮರ, ಬಿರುಕೇ ಇಲ್ಲ, ಹೊಸ ಹುಡುಗನಿಗೆ ಕೊಡೋಣ ಅಂದ್ರು. ನಾನು ಆಸ್ಪತ್ರೇಲಿದ್ದೆ. ಬಂದು ನೋಡೋವಷ್ಟರಲ್ಲಿ ಅದು ಇವನ ಕೈಯಲ್ಲಿತ್ತು. ಅವಳ ಋಣ ಗಂಡನ ಜೊತೆಗೇ ಮುಗೀತು, ಇನ್ನೇನು ಭಯ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡೆ. ಆಟದಲ್ಲಿ ಮೇಲೆ ಅಲ್ಬೀನಾ ಕುಣೀತಿರ್ತಾಳೆ, ಮೌನದಲ್ಲಿ ಒಂದೆರಡು ಟಪ್ ಕೇಳಿದ್ರೂ ಅವಳೇ ಕಾಲು ಸರಿಸಿದ್ಲು ಅಂದ್ಕೊಳ್ತಿದ್ದೆ, ಯಾರ ಹೆಜ್ಜೆ ಯಾವುದು ಅಂತ ಈ ಮುದಿ ಕಿವಿಗೆ ಹೇಗೆ ಗೊತ್ತಾಗ್ಬೇಕು...

ಅವರು ಅಲ್ಲಿಗೆ ನಿಲ್ಲಿಸಿದರು. ಎಲ್ಲರ ಕಣ್ಣೂ ನನ್ನ ಮಡಿಲಲ್ಲಿದ್ದ ಪೆಟ್ಟಿಗೆಯ ಮೇಲಿತ್ತು. ಬೊಗ್ದಾನ್, "ಚೆನ್ನಾಗಿ ಹೆದರಿಸಿದ್ರಿ ಬಿಡಿ," ಅಂತ ನಗಲು ನೋಡಿದ.

"ಕ್ಲಾವ್ದಿಯಾ ಯೆಗೋರೊವ್ನಾ," ಅಂದೆ, ನನ್ನ ದನಿ ನನಗೇ ಕೇಳಿಸದಷ್ಟು ಮೆಲ್ಲಗೆ. "ಆಗ ನಾನು ಕೆಳಗೆ ಊದ್ತಿದ್ದಾಗ, ಇಲ್ಲಿ ಹುಡುಗೀರು..."

"ಹುಡುಗೀರು ಸ್ನಾನದ ಮನೇಲಿದ್ರು. ತಲೆ ನೋಡು, ಇನ್ನೂ ಒಣಗಿಲ್ಲ. ಅವರ ಬೂಟುಗಳು ಊರಾಚೆ ಬೀಗದಲ್ಲಿವೆ. ಕರೆಂಟು ಹೋಗೋವರೆಗೆ ಈ ಹಾಲಿನಲ್ಲಿದ್ದೋಳು ನಾನೊಬ್ಬಳೇ."

"ನೀವು... ನೋಡಿದ್ರಾ?"

"ನಾನು ಹೆಣಿಗೆ ನೋಡ್ತಿದ್ದೆ. ಇಡೀ ಹೊತ್ತು ತಲೆ ಎತ್ತಲಿಲ್ಲ. ಮುಖದ ಮೇಲೆ ಲಂಗದ ಗಾಳಿ ಬಂದು ಬಂದು ಹೋಗ್ತಿತ್ತು. ಕೆಳಗೆ ಬಂದು ನಿನ್ನನ್ನ ನಿಲ್ಲಿಸ್ಬೇಕು ಅಂತ ಎಷ್ಟು ಸಲ ಅಂದ್ಕೊಂಡೆ... ಕಾಲೇ ಏಳಲಿಲ್ಲ. ಅವತ್ತು ನಕ್ಕಿದ್ದೋಳು, ಇವತ್ತೂ ಕೂತೇ ಇದ್ದೆ."

ಒಂದು ಗಂಟೆ. ಒಂದು ಸಲವೂ ನಿಲ್ಲಿಸದೆ ಊದಿದ್ದೆ, ಮೇಲಿನ ಹೆಜ್ಜೆ ಮೆತ್ತಗಾದಂತೆ ಕೇಳಿಸಿದಾಗ ನಗುತ್ತಾ ಇನ್ನೂ ಜೋರಾಗಿ ಊದಿದ್ದೆ. ನಾನು ದಡಕ್ಕನೆ ಎದ್ದುಬಿಟ್ಟೆ. "ಬೇಡ! ನಾಳೆ ಆ ಕೀಟಲೆ ಬೇಡ! ಬರೆದಿರೋದು ಎಷ್ಟೋ ಅಷ್ಟೇ ಊದ್ತೀನಿ, ಆಮೇಲೆ ಈ ಪೆಟ್ಟಿಗೇನ..."

ಕ್ಲಾವ್ದಿಯಾ ಯೆಗೋರೊವ್ನಾ ತುಟಿಯ ಮೇಲೆ ಬೆರಳಿಟ್ಟರು. ಮೇಣದಬತ್ತಿಯನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ, ಕಿಟಕಿ ಪಕ್ಕದ ಆ ಖಾಲಿ ಕುರ್ಚಿಯ ಕಡೆ, ಅದರ ಮೇಲೂ ಕೆಳಗೂ ಚೆಲ್ಲಿದ್ದ ರಾಳದ ಪುಡಿಯ ಕಡೆ, ಕಣ್ಣಲ್ಲೇ ತೋರಿಸಿದರು.

"ಮೆಲ್ಲಗೆ ಮಾತಾಡು ಮಗಾ," ಅಂದರು. "ಅವಳಿಗಿನ್ನೂ ಉಸಿರು ತಿರುಗಿಲ್ಲ."